ಆಗಿಬರಾಕಿಲ್ಲ

ನಮ್ಮ ಕಡೆಯ ಜನಕ್ಕೆ ಏನೇನು ಆಗಿಬರುವುದಿಲ್ಲ ಎಂದು ಬರೆಯಲು ಕುಳಿತರೆ ಒಂದು ನೋಟ್‌ಬುಕ್ಕು ಸಾಲದು. ಬದನೆಕಾಯಿ ಆಗಿಬರುವುದಿಲ್ಲ. ಸೀಬೆಹಣ್ಣು ಆಗಿಬರುವುದಿಲ್ಲ. ಒಬ್ಬರಿಗೆ ಬೋರ್‌ವೆಲ್ ನೀರು, ಇನ್ನೊಬ್ಬರಿಗೆ ಮೂಲೆಮನೆ, ಮತ್ತೊಬ್ಬರಿಗೆ ಮಂಗಳವಾರ. ಅತ್ತೆಗೆ ಸೊಸೆ, ಸೊಸೆಗೆ ಅತ್ತೆ, ಇಬ್ಬರಿಗೂ ನಾನು ಕೊಡುವ ಕಬ್ಬಿಣದ ಮಾತ್ರೆ. ಎಚ್.ಡಿ. ಕೋಟೆ ಕಡೆ ನರ್ಸ್ ಕೆಲಸ ಶುರುಮಾಡಿ, ಈಗ ಕಟ್ಟೆಮಳಲವಾಡಿ ಆಚೆಗಿನ ಒಂದು ಉಪಕೇಂದ್ರದಲ್ಲಿರುವ ನಾನು ಈ ಮಾತನ್ನು ಕೇಳಿ ಕೇಳಿ ಕಿವಿಗೆ ಹಾಕಿಕೊಳ್ಳುವುದನ್ನೇ ಬಿಟ್ಟಿದ್ದೆ. ನನ್ನ ತಪ್ಪು ಶುರುವಾದದ್ದು ಅಲ್ಲೇ.

ರೋಗಿಗಳ ವಿವರ ತುಂಬಲೆಂದು ಇಲಾಖೆ ಕೊಟ್ಟ ಟ್ಯಾಬ್ ಕೈಗೆ ಬಂದಾಗ ನಿಜಕ್ಕೂ ಖುಷಿಪಟ್ಟಿದ್ದೆ. ಅಲ್ಲಿಯವರೆಗೆ ರೋಗಿಗಳ ಚರಿತ್ರೆಯೆಲ್ಲ ಚೀಟಿಗಳಲ್ಲಿ ಇರುತ್ತಿತ್ತು. ಚೀಟಿ ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ, ಕವರು ರಾಗಿ ಡಬ್ಬದ ಹಿಂದೆ, ಅರ್ಧ ಚೀಟಿ ಇಲಿಯ ಹೊಟ್ಟೆಯಲ್ಲಿ. ಬಿ.ಪಿ.ಗೆ ಯಾವ ಮಾತ್ರೆ ತಗೊಳ್ತೀರಿ ಅಂದರೆ "ಬಿಳೀದು ಕಣವ್ವ, ಸಣ್ಣದು" ಅನ್ನುವರು. ಬಿಳಿಯಲ್ಲದ, ಸಣ್ಣದಲ್ಲದ ಮಾತ್ರೆ ಎಲ್ಲಿದೆ? ಹುಣಸೂರಿನಲ್ಲಿ ತರಬೇತಿ ಕೊಟ್ಟವರು, ನೀವು ಇಲ್ಲಿ ತುಂಬಿದ್ದು ಪಿರಿಯಾಪಟ್ಟಣದ ಡಾಕ್ಟರಿಗೂ ಕಾಣುತ್ತದೆ, ಮೈಸೂರಿನ ಡಾಕ್ಟರಿಗೂ ಕಾಣುತ್ತದೆ ಅಂದರು. ಕಂಡದ್ದೂ ನಿಜ. ನಮ್ಮೂರಿನ ಬಸುರಿಯೊಬ್ಬಳು ಕೆ.ಆರ್. ನಗರದ ತವರಿಗೆ ಹೋಗಿದ್ದಾಗ, ನಾನು ತುಂಬಿದ್ದ ಬಿ.ಪಿ. ನೋಡಿಯೇ ಅಲ್ಲಿಯವರು ಅವಳನ್ನು ಬೇಗ ಅಡ್ಮಿಟ್ ಮಾಡಿಕೊಂಡಿದ್ದರು. ಹಾಗಾಗಿ ಟ್ಯಾಬನ್ನು ಬಯ್ಯಲು ನನಗೆ ಬಾಯಿ ಬರುವುದಿಲ್ಲ.

ಮನೆಮನೆಗೆ ಹೋಗಿ ನಾನೇ ಸಾರಿದೆ. "ಇನ್ಮೇಲೆ ಚೀಟಿ ಕಾಪಾಡೋದು ಬ್ಯಾಡ. ಎಲ್ಲಾ ಇದ್ರಲ್ಲೇ ಇರ್ತದೆ."

ಹಾಗೆ ಸಾರುತ್ತ ಒಬ್ಬ ಅಜ್ಜಿಯ ಮನೆಗೆ ಹೋದದ್ದು ಹೊಗೆಸೊಪ್ಪು ಬೇಯಿಸುವ ಕಾಲ. ಸೊಪ್ಪು ಬೇಯಿಸುವ ಎತ್ತರದ ಗೂಡು, ಬ್ಯಾರನ್ನಿನ ನೆರಳಲ್ಲಿ ಕುಳಿತು ಹಸಿ ಎಲೆಯನ್ನು ಕಡ್ಡಿಗೆ ಕಟ್ಟುತ್ತಿದ್ದಳು. ಬೆರಳೆಲ್ಲ ಅಂಟು, ಬಾಯಲ್ಲಿ ಎಲೆಅಡಿಕೆ. ನನ್ನನ್ನು ಕಂಡರೆ ಅವಳಿಗೆ ಪ್ರೀತಿ. ಹೋದಾಗಲೆಲ್ಲ ಒಂದು ಲೋಟ ಮಜ್ಜಿಗೆ ಕುಡಿಸದೆ ಬಿಡುತ್ತಿರಲಿಲ್ಲ. ವಯಸ್ಸು, ತೂಕ, ಬಿ.ಪಿ., ಶುಗರ್ ಎಲ್ಲ ತುಂಬಿಕೊಂಡು ಬಂದೆ. ಕೊನೆಗೆ ಔಷಧದ ಅಲರ್ಜಿಯ ಪ್ರಶ್ನೆ ಬಂತು. ಯಾವುದಾದರೂ ಔಷಧಿಯಿಂದ ತೊಂದರೆ ಆಗಿದೆಯಾ ಎಂದು ಕೇಳಿದೆ.

"ನಂಗೆ ಸೂಜಿ ಆಗಿಬರಾಕಿಲ್ಲ ಕಣವ್ವ," ಅಂದಳು.

"ಬದ್ನೇಕಾಯೂ ಆಗಿಬರಾಕಿಲ್ಲ ಅಂದ್ರಲ್ಲ ಅಜ್ಜಿ, ಈಗ್ತಾನೆ?"

"ಅದೂ ಆಗಿಬರಾಕಿಲ್ಲ. ಇದು ಬ್ಯಾರೆ. ಮಗ್ಳು ಉಟ್ದಾಗ ಡಾಕ್ಟ್ರು ಕೆಂಪು ಇಂಕಲ್ಲಿ ಬರ್ಕೊಟ್ಟವ್ರೆ. ಟ್ರಂಕಲ್ಲೈತೆ, ತತ್ತೀನಿ ತಡಿ."

ಅವಳು ಮಂಡಿ ಹಿಡಿದುಕೊಂಡು ಏಳತೊಡಗಿದಳು. 'ಹೌದು' ಎಂದು ಒತ್ತಿದರೆ ಟ್ಯಾಬ್ ಔಷಧದ ಹೆಸರು ಕೇಳುತ್ತದೆ, ಹೆಸರು ಹಾಕದೆ ಮುಂದಕ್ಕೆ ಬಿಡುವುದಿಲ್ಲ. ಬ್ಯಾಟರಿ ಕೆಂಪಾಗಿತ್ತು. ಇನ್ನೂ ನಾಲ್ಕು ಮನೆ ಬಾಕಿ. ಸಿಡುಕು ನನಗೆ ಹುಟ್ಟುಗುಣ. "ಕೂತ್ಕೊಳ್ಳಿ ಅಜ್ಜಿ, ಚೀಟಿಗೀಟಿ ಏನೂ ಬ್ಯಾಡ, ಬರ್ಕೊಂಡಿದ್ದೀನಿ," ಅಂದೆ. 'ಇಲ್ಲ' ಎಂಬುದರ ಮೇಲೆ ಬೆರಳಿಟ್ಟೆ. ಹಸಿರು ಗುರುತು ಬಂತು. ಮಜ್ಜಿಗೆ ಕುಡಿದು ಹೊರಟೆ.

ಮುಂದಿನ ಸಲ ಸೊಪ್ಪು ಬೇಯಿಸುವ ಹೊತ್ತಿಗೆ ಅವಳ ಕಾಲಿಗೆ ಸೌದೆಯ ಸಿಬಿರು ಹೊಕ್ಕು ಕೀವಾಯಿತು. ಮನೆಯವರೆಲ್ಲ ಬ್ಯಾರನ್ನಿನ ಬೆಂಕಿ ಬಿಟ್ಟು ಅಲ್ಲಾಡುವಂತಿರಲಿಲ್ಲ. ನಾನೇ ಅವಳನ್ನು ಬಸ್ಸು ಹತ್ತಿಸಿಕೊಂಡು ಆಸ್ಪತ್ರೆಗೆ ಹೋದೆ. ಯಾವ ಆಸ್ಪತ್ರೆ ಎಂದು ಹೇಳುವುದಿಲ್ಲ, ಅಲ್ಲಿಯವರದು ಏನೂ ತಪ್ಪಿಲ್ಲ. ಚಿಕ್ಕ ವಯಸ್ಸಿನ ಡಾಕ್ಟರು ಅವಳ ನಂಬರು ಹಾಕಿದರು. ಪರದೆಯ ಮೇಲೆ ನಾನು ತುಂಬಿದ್ದೆಲ್ಲ ಸಾಲಾಗಿ ಬಂತು. "ಸಿಸ್ಟರ್, ಎಷ್ಟು ನೀಟಾಗಿ ಎಂಟ್ರಿ ಮಾಡಿದ್ದೀರಿ," ಅಂದರು. ನಾನು ಉಬ್ಬಿಹೋದೆ.

ಇಂಜೆಕ್ಷನ್ ಕೊಡಬೇಕು ಅಂದಾಗ ಅಜ್ಜಿ, "ನಂಗೆ ಸೂಜಿ ಆಗಿಬರಾಕಿಲ್ಲ ಸ್ವಾಮಿ. ಸಿಸ್ಟ್ರವ್ವ ಎಲ್ಲಾ ಬರ್ಕೊಂಡವ್ರೆ, ಅದ್ರಲ್ಲಿ ನೋಡ್ಕಳಿ," ಅಂದಳು.

ಡಾಕ್ಟರು ನೋಡಿಕೊಂಡರು. "ಅಲರ್ಜಿ ಇಲ್ಲ ಅಂತಿದೆಯಲ್ಲ?" ಎಂದು ನನ್ನ ಮುಖ ನೋಡಿದರು.

"ಅವರು ಎಲ್ಲದಕ್ಕೂ ಹಾಗೇ ಅಂತಾರೆ ಸರ್," ಅಂದೆ. ಆ ಮಾತು ನನ್ನ ಬಾಯಿಂದಲೇ ಬಂತು. ಇದನ್ನು ಇವತ್ತಿಗೂ ಯಾರ ಮೇಲೂ ಹಾಕಲು ಆಗುವುದಿಲ್ಲ.

ಸೂಜಿ ತೆಗೆದು ಸ್ವಲ್ಪ ಹೊತ್ತಿಗೆ ಕುತ್ತಿಗೆ ಕೆರೆದುಕೊಳ್ಳತೊಡಗಿದಳು. ತುಟಿ ಊದಿತು. ಉಸಿರು ಸೀಟಿ ಹೊಡೆಯಿತು. ನನ್ನ ಸೆರಗು ಹಿಡಿದು ಏನೋ ಹೇಳಲು ಬಾಯಿ ತೆರೆದಳು, ಮಾತು ಹೊರಡಲಿಲ್ಲ. ಡಾಕ್ಟರು, ನರ್ಸುಗಳು ಓಡಿಬಂದರು. ನಾನೂ ನರ್ಸೇ. ಗೋಡೆಗೆ ಒತ್ತಿಕೊಂಡು ನಿಂತೆ, ಅಷ್ಟೇ. ಅವರು ಬೇರೆ ಇಂಜೆಕ್ಷನ್ ಕೊಟ್ಟು, ಆಮ್ಲಜನಕ ಹಚ್ಚಿ ಅವಳನ್ನು ಉಳಿಸಿಕೊಂಡರು.

ಮಾರನೆಯ ದಿನ ವಾರ್ಡಿನಲ್ಲಿ ಎಲ್ಲ ಹೇಳಿಬಿಡಬೇಕೆಂದು ಹೋದೆ. ಅಜ್ಜಿ ಎರಡೂ ಕೈಯಲ್ಲಿ ನನ್ನ ಕೈ ಹಿಡಿದುಕೊಂಡಳು. "ನೀನು ಅದ್ರಲ್ಲಿ ಬರ್ದಿದ್ದಕ್ಕೆ ಬದುಕ್ಕಂಡೆ ಕಣವ್ವ. ನೋಡಿದ್ ತಕ್ಷಣ ಬ್ಯಾರೆ ಸೂಜಿ ಕೊಟ್ರಂತೆ," ಅಂದಳು. ಪಕ್ಕದ ಮಂಚದವರಿಗೂ ನನ್ನನ್ನು ತೋರಿಸಿ ಹೊಗಳಿದಳು. ನಾನು ಅವಳ ಹೊದಿಕೆ ಸರಿಮಾಡಿ ಎದ್ದುಬಂದೆ. ಹೇಡಿತನ, ಇನ್ನೇನೂ ಅಲ್ಲ. ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು ಆ ಔಷಧದ ಹೆಸರನ್ನು ಕೆಂಪು ಇಂಕಿನಲ್ಲಿ ಬರೆದು ಕೊಟ್ಟರು. ಈ ಚೀಟಿ ಯಾವಾಗಲೂ ಜೊತೆಯಲ್ಲಿರಲಿ ಎಂದು ಅವಳಿಗೆ ಹೇಳುವ ಕೆಲಸ ನನ್ನದು. ಹಾಗೆ ಹೇಳಿದರೆ ಯಾಕೆ ಎಂದು ಕೇಳುತ್ತಾಳೆ, ಆಗ ಎಲ್ಲ ಬಿಚ್ಚಬೇಕಾಗುತ್ತದೆ. ಟ್ಯಾಬಿನಲ್ಲಿ ತಿದ್ದಿಬಿಟ್ಟರೆ ಆಯಿತಲ್ಲ ಎಂದು ಚೀಟಿಯನ್ನಷ್ಟೇ ಅವಳ ಕೈಗಿಟ್ಟೆ.

ತಿದ್ದಲು ಆಗಲಿಲ್ಲ. ಆ ಪುಟಕ್ಕೆ ಬೀಗದ ಗುರುತು ಬಿದ್ದಿತ್ತು. ತಾಲ್ಲೂಕಿನಲ್ಲಿ ಕಂಪ್ಯೂಟರ್ ನೋಡುವವರನ್ನು ಕೇಳಿದೆ. ಮನವಿ ಹಾಕಿ, ಮೇಲಿನವರು ತೆರೆಯಬೇಕು ಅಂದರು. ಹಾಕಿದೆ. ವಾರವಾಯಿತು, ತಿಂಗಳಾಯಿತು. ದಿನಾ ಬೆಳಿಗ್ಗೆ ತೆರೆದು ನೋಡಿದರೆ ಅದೇ 'ಪರಿಶೀಲನೆಯಲ್ಲಿದೆ', ಅದರ ಮೇಲೆ ಅದೇ 'ಇಲ್ಲ'. ಮತ್ತೆ ಮತ್ತೆ ಫೋನು ಮಾಡಿ, ಜಗಳವಾಡಿ, ಅತ್ತೂ ಆಯಿತು. ಒಂದು ದಿನ ಆ ಕಡೆಯವರು, "ಪುರಾವೆ ಬೇಕು ಮೇಡಂ, ಡಾಕ್ಟರ್ ಬರೆದ ಚೀಟಿ ಫೋಟೊ ತೆಗೆದು ಹಾಕಿ," ಅಂದರು.

ಓಡಿದೆ ಅಂತಲೇ ಹೇಳಬೇಕು. ಅಜ್ಜಿ ಒಲೆ ಮುಂದೆ ಕುಳಿತಿದ್ದಳು. ಆಸ್ಪತ್ರೆಯ ಚೀಟಿ ಕೊಡಿ ಅಂದೆ.

"ಯಾವ್ದು, ಕೆಂಪಿಂಕಿಂದಾ? ಒಲೆಗಾಕ್ಬುಟ್ಟೆ ಕಣವ್ವ. ಟ್ರಂಕಲ್ಲಿದ್ದ ಅಳೇದೂ ಆಗ್ಲೇ ಆಕಿದ್ದೆ. ಚೀಟಿ ಬ್ಯಾಡ, ಎಲ್ಲಾ ಅದ್ರಲ್ಲೇ ಇರ್ತದೆ ಅಂತ ನೀನೇ ಅಂದಿದ್ಯಲ್ಲ?"

ನಾನು ಅಲ್ಲೇ ನೆಲದ ಮೇಲೆ ಕುಳಿತೆ. ಆಸ್ಪತ್ರೆಗೆ ಹೋಗಿ ಇನ್ನೊಂದು ಚೀಟಿ ಬರೆಸಿಕೊಳ್ಳಬಹುದು, ಅದು ಗೊತ್ತಿತ್ತು. ಅದನ್ನೂ ಇವಳು ಒಲೆಗೆ ಹಾಕುತ್ತಾಳೆ. ಆಗ ಹೇಳಿದೆ, ಎಲ್ಲವನ್ನೂ ಹೇಳಿದೆ. ಅವತ್ತು ನಾನು ಬರೆದುಕೊಂಡೇ ಇರಲಿಲ್ಲ, ಸೂಜಿ ಆಗಿಬರುತ್ತದೆ ಎಂದು ಒತ್ತಿದ್ದೆ, ನಿಮ್ಮನ್ನು ಸಾಯಿಸುತ್ತಿದ್ದವಳು ನಾನೇ. ಟ್ಯಾಬ್ ತೆಗೆದು ಆ 'ಇಲ್ಲ' ಎಂಬುದನ್ನು ತೋರಿಸಿದೆ. ಓದು ಬಾರದ ಅವಳು ಕಣ್ಣು ಕಿರಿದು ಮಾಡಿ ಆ ಅಕ್ಷರಗಳನ್ನೇ ನೋಡಿದಳು.

ಆಮೇಲೆ ನಕ್ಕಳು. "ಓಗವ್ವ, ತಮಾಸೆ ಮಾಡ್ಬ್ಯಾಡ. ಇಲ್ಲೇ ಬರ್ದೈತಲ್ಲ, ಸೂಜಿ ಆಗಿಬರಾಕಿಲ್ಲ ಅಂತ," ಎಂದು ಆ 'ಇಲ್ಲ'ದ ಮೇಲೆ ಬೆರಳಿಟ್ಟಳು. ಮಜ್ಜಿಗೆ ತರಲು ಒಳಗೆ ಹೋದಳು.