ಉಪವಾಸ ಕೂತ ಚುಕ್ಕಿ

“ನಿಮ್ಮ ಮನೆಯವ್ರು ಎಲ್ಲಿದ್ದಾರ, ಹುಡುಕ್ರಿ” ಎಂದು ಮೊಬೈಲನ್ನು ಪರೀಕ್ಷೆಗೆ ಒಪ್ಪಿದ್ದ ಶಾಂತಕ್ಕನ ಕೈಗಿಟ್ಟೆ. ಯಾರು ಎಲ್ಲಿದ್ದಾರೆಂದು ನಕ್ಷೆಯ ಮೇಲೆ ಚುಕ್ಕಿಯಿಟ್ಟು ತೋರಿಸುವ ನಮ್ಮ ಹೊಸ ಆ್ಯಪ್ ಜನರ ಕೈಗೆ ಒಗ್ಗುತ್ತದೆಯೇ ಎಂದು ಗಡಿಯಾಚೆಯ ನಾರಾಯಣಖೇಡದಲ್ಲಿ ಪರೀಕ್ಷಿಸುತ್ತಿದ್ದೆ. ಅವರ ಗಂಡ ನಾವು ಕೊಟ್ಟ ಇನ್ನೊಂದು ಮೊಬೈಲನ್ನು ಜೇಬಿಗಿಟ್ಟುಕೊಂಡು, ಬೆಳಿಗ್ಗೆಯೇ ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ಉಪವಾಸ ಕೂರಲು ಟೆಂಟಿಗೆ ಹೋಗಿದ್ದರು. ಚುಕ್ಕಿ ಮಾತ್ರ ಬಸ್ ಸ್ಟ್ಯಾಂಡಿನ ಹಿಂದಿನ ಮಿರ್ಚಿ ಭಜಿ ಅಂಗಡಿಯ ಮೇಲೆ ಕೂತಿತ್ತು. ನಾಚಿಕೆಯಿಂದ, “ಜಾಗ ತಪ್ಪು ತೋರಿಸುತ್ತಿದೆ” ಎಂದು ಪುಸ್ತಕದಲ್ಲಿ ಬರೆದುಕೊಂಡೆ.

ಶಾಂತಕ್ಕ ಗಂಡನಿಗೆ ಫೋನ್ ಹಚ್ಚಿದರು. “ಉಪವಾಸ ಮುಗಿಸಿ ಬರೋ ಮುಂದ ನನಗೂ ನಾಕು ಮಿರ್ಚಿ ಕಟ್ಟಿಸ್ಕೊಂಡು ಬರ್ರಿ.”

ಸಂಜೆ ಪೊಟ್ಟಣ ಹಿಡಿದು ಬಂದ ಗಂಡ ನನ್ನನ್ನು ಕೇಳಿದ್ದು ಒಂದೇ ಮಾತು: “ಈ ಚುಕ್ಕಿ ಬಂದ್ ಮಾಡೋ ಗುಂಡಿ ಎಲ್ಲದರೀ?” ಅಂಥದೊಂದು ಗುಂಡಿ ಇಡುವುದು ನಮಗೆ ಹೊಳೆದೇ ಇರಲಿಲ್ಲ. ಬೆಳಗಿನ ಸಾಲನ್ನು ಹೊಡೆದುಹಾಕಿ, ಆ ಗುಂಡಿ ಬೇಕೆಂದು ಬರೆದುಕೊಂಡೆ.