ಬುಚ್ಚಮ್ಮ ಕೆಚ್ಚದೆ ಬಿಟ್ಟ ಅಂಚು

ನಾರಾಯಣಪೇಟೆಯ ನೇಕಾರರ ಓಣಿಗೆ ಇನ್ನೂ ಹಾಲಿನವನು ಬಂದಿಲ್ಲ. ಓಣಿಯ ಕೊನೆಯ ಮಗ್ಗದ ಶೆಡ್ಡಿನಲ್ಲಿ ಒಂದೇ ಒಂದು ಬಲ್ಬು ಉರಿಯುತ್ತಿದೆ. ಅದರ ಕೆಳಗೆ, ಮಗ್ಗದ ಹಿಂಬದಿಗೆ ಕಾಲು ಮಡಚಿ ಕೂತಿದ್ದಾರೆ ಬುಚ್ಚಮ್ಮ. ಮೊಣಕಾಲ ಪಕ್ಕದಲ್ಲಿ ಒಲೆಬೂದಿಯ ಬಟ್ಟಲು. ಹಳೆಯ ಎಳೆ ಒಂದು, ಹೊಸ ಎಳೆ ಒಂದು; ಬೂದಿ ಹತ್ತಿದ ಹೆಬ್ಬೆರಳೂ ತೋರುಬೆರಳೂ ಎರಡನ್ನೂ ಸೇರಿಸಿ ಹೊಸೆದು ಬಿಡುತ್ತವೆ. ಆಮೇಲೆ ಇನ್ನೆರಡು ಎಳೆ, ಮತ್ತೆ ಇನ್ನೆರಡು. ಮುಗಿದ ಸೀರೆಯ ಹಾಸಿನ, ಅಂದರೆ ಉದ್ದೆಳೆಗಳ, ತುದಿಗೆ ಹೊಸ ಹಾಸನ್ನು ಹೀಗೆ ಎಳೆ ಎಳೆಯಾಗಿ ಸೇರಿಸುವುದಕ್ಕೆ ಇಲ್ಲಿ ಕೆಚ್ಚುವುದು ಎನ್ನುತ್ತಾರೆ. ಒಂದು ಮಗ್ಗಕ್ಕೆ ಮೂರು ಸಾವಿರ ಎಳೆಗೆ ಕಡಿಮೆಯಿಲ್ಲ, ಕೆಚ್ಚಲು ಒಂದು ಇಡೀ ಹಗಲು ಬೇಕು.

ಇವತ್ತು ಹಗಲಿನವರೆಗೆ ಕಾಯಲು ಪುರುಸೊತ್ತಿಲ್ಲ. ಹನ್ನೊಂದು ಗಂಟೆಗೆ ಶಾಸಕರ ಸಮಿತಿಯೊಂದು ಈ ಶೆಡ್ಡಿಗೇ ಬರುತ್ತಿದೆ. ಕೈಮಗ್ಗಕ್ಕೆಂದು ಸರಕಾರ ಮಾಡಿದ ಯೋಜನೆಗಳು ಎಲ್ಲಿಗೆ ಬಂದವು, ನೂಲು ಯಾರಿಗೆ ಸಿಕ್ಕಿತು, ನೇಕಾರರು ಊರು ಬಿಟ್ಟು ಯಾಕೆ ಹೋಗುತ್ತಿದ್ದಾರೆ ಎಂದು ಅಧಿಕಾರಿಗಳನ್ನು ಎದುರಿಗೆ ಕೂರಿಸಿಕೊಂಡು ಕೇಳಲಿದೆ. ಶೆಡ್ಡಿನಲ್ಲಿರುವುದು ಐದು ಮಗ್ಗ. ಓಡುತ್ತಿರುವುದು ಒಂದೇ, ಬುಚ್ಚಮ್ಮನ ಗಂಡ ಶಂಕರಯ್ಯನವರದು. ಮಿಕ್ಕ ನಾಲ್ಕು ಮಗ್ಗಗಳ ಮೇಲೆ ಜೇಡ ನೇಯ್ದದ್ದೇ ನೇಯ್ಗೆ.

ಆ ನಾಲ್ಕಕ್ಕೂ ಈಗ ಹೊಸ ಹಾಸು ಬಂದಿದೆ. ತಂದವರು ಈ ಭಾಗದ ಕೈಮಗ್ಗಗಳ ಉಸ್ತುವಾರಿಯ ಅಧಿಕಾರಿ ಸಂಕರ್ಷಣ. ಗದ್ವಾಲದ ವ್ಯಾಪಾರಿಯೊಬ್ಬನ ಕೈಕಾಲು ಹಿಡಿದು ಕೈಗಡ ತಂದದ್ದು. ಮೂರು ಮಗ್ಗದ್ದು ಮೂರು ದಿನಗಳಲ್ಲಿ ಮುಗಿಯಿತು, ಕೊನೆಯದಕ್ಕೆ ಬುಚ್ಚಮ್ಮ ನಿನ್ನೆ ಸಂಜೆಯಿಂದ ಕೂತಿದ್ದಾರೆ. ಸಂಕರ್ಷಣ ಅವರದು ರಾಯಚೂರು ಕಡೆಯ ವೈಷ್ಣವರ ಮನೆತನ, ಮಂತ್ರಾಲಯಕ್ಕೆ ತಪ್ಪದೆ ನಡೆದುಕೊಳ್ಳುವವರು. ಅದಕ್ಕೇ ಓಣಿಗೆಲ್ಲ ಅವರು ಆಚಾರ್ರು. ಮುಂಜಾನೆಯ ತಂಪಿನಲ್ಲೂ ಅಂಗಿಯ ಬೆನ್ನು ಒದ್ದೆ ಮಾಡಿಕೊಂಡು ಬಾಗಿಲಿಗೂ ಮಗ್ಗಕ್ಕೂ ಓಡಾಡುತ್ತಿದ್ದಾರೆ.

"ಆತೇನ್ರಿ ಬುಚ್ಚಮ್ಮ?"

"ಆಗಾಕ ಹತ್ತೈತ್ರಿ ಆಚಾರ್ರ. ಸಾವಕಾಶ ಮಾಡಿದ್ರ ನೀವು ಬೈತೀರಿ, ಅವಸರ ಮಾಡಿದ್ರ ಎಳಿ ಬೈತಾವ."

ಅವರ ಅವಸರಕ್ಕೂ ಕಾರಣವಿದೆ. ಓಡದ ಸರಕಾರಿ ಶೆಡ್ಡುಗಳನ್ನು ಮುಚ್ಚಿ ಗೋದಾಮು ಮಾಡಿಕೊಳ್ಳಿ ಎಂದು ಮೇಲಿನಿಂದ ಮಾತು ಬಂದಿದೆ. ಐದೂ ಮಗ್ಗ ಓಡುತ್ತಿವೆ ಎಂದು ಇವರು ಮೇಲಿನವರಿಗೆ ಹೇಳಿಬಿಟ್ಟಿದ್ದಾರೆ. ಈಗ ಓಡಿಸಿ ತೋರಿಸಬೇಕು. ಸೀರೆ ಅಂಗಡಿಗಳಿಂದ ನಾಲ್ವರು ಹುಡುಗರನ್ನು ಕರೆತಂದು, ಲಾಳಿಯ ಹಗ್ಗ ಎಳೆಯುವುದಷ್ಟನ್ನು ಹೇಳಿಕೊಟ್ಟು ಹೊರಗೆ ಚಹಾ ಕೊಡಿಸುತ್ತಿದ್ದಾರೆ. ಸಮಿತಿ ಬಂದು, ನೋಡಿ, ಫೋಟೋ ತೆಗೆಸಿಕೊಂಡು ಹೋದರೆ ಬೀಸೋ ದೊಣ್ಣೆ ತಪ್ಪುತ್ತದೆ. ಶೆಡ್ಡೂ ಉಳಿಯುತ್ತದೆ ಎನ್ನುವುದು ಅವರ ಲೆಕ್ಕ.

ಶೆಡ್ಡು ಉಳಿಯಬೇಕೆಂದು ಬುಚ್ಚಮ್ಮನಿಗೂ ಇದೆ, ಆಚಾರ್ರಿಗಿಂತ ಒಂದು ಕೈ ಹೆಚ್ಚೇ ಇದೆ. ಮಕ್ತಲ್ ಅವರ ತವರು. ಮದುವೆಯಾಗಿ ಇಲ್ಲಿಗೆ ಬಂದ ಹೊಸತರಲ್ಲಿ ಅತ್ತೆ ಬೂದಿ ಬಟ್ಟಲು ಮುಂದಿಟ್ಟು ಕಲಿಸಿದ ವಿದ್ಯೆ ಇದು. ಆಗ ಓಣಿ ತುಂಬಾ ಲಾಳಿಯ ಸದ್ದು. ಕೆಚ್ಚಲು ಬಾರಮ್ಮ ಎಂದು ಹಿಂದಿನ ರಾತ್ರಿಯೇ ಬಂದು ಹೇಳಿ ಹೋಗುತ್ತಿದ್ದರಂತೆ. ಈಗ ವಾರಕ್ಕೆರಡು ಸಲ ಮಕ್ತಲ್‌ನಲ್ಲಿ ಬಸ್ಸು ಬದಲಾಯಿಸಿ, ಜುರಾಲಾ ಅಣೆಕಟ್ಟಿನ ಮೇಲೆ ಹಾದು ಗದ್ವಾಲಕ್ಕೆ ಹೋಗಿ ಕೆಚ್ಚಿ ಬರುತ್ತಾರೆ. ಬೆನ್ನು ನೆಟ್ಟಗಾಗಲು ಬಸ್ಸಿನ ಸೀಟೇ ಔಷಧ. ಹೊಸೆದು ಹೊಸೆದು ಬೆರಳ ತುದಿಯ ಗೆರೆಗಳೆಲ್ಲ ಸವೆದಿವೆ. ರೇಷನ್ ಅಂಗಡಿಯ ಯಂತ್ರದ ಮೇಲೆ ಹೆಬ್ಬೆರಳು ಒತ್ತಿದರೆ ಯಂತ್ರ ಇವರನ್ನು ಗುರುತಿಸುವುದೇ ಇಲ್ಲ.

"ಅಕ್ಕಿ ಕೊಡೋ ಮಿಷನ್ನು ನೀ ಯಾರವ್ವ ಅಂತೈತಿ. ಎಳಿಗೆ ನನ್ನ ಗುರ್ತು ಐತಲ್ಲ, ಸಾಕು," ಎಂದು ನಗುತ್ತಾರೆ. ನಗುವಂಥ ಮಾತಲ್ಲ ಅದು. ಕೇಳಿದವರಿಗೆ ಸಿಟ್ಟು ಬರುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು, ಮುಂದಿನದಕ್ಕೆಲ್ಲ ಅದೇ ಮೂಲ. ಈ ಮನೆತನದಲ್ಲಿ, ಗದ್ವಾಲದ ಕೆಲವು ಹಳೆಯ ನೇಕಾರರ ಮನೆಗಳಲ್ಲೂ, ಕೆಚ್ಚುವವಳು ಹಾಸನ್ನು ಪೂರ್ತಿ ಕೆಚ್ಚುವುದಿಲ್ಲ. ಬಲಗಡೆಯ ಅಂಚಿನ ಒಂದು ಹಿಡಿ ಎಳೆಗಳನ್ನು ಹಾಗೇ ಇಳಿಬಿಡುತ್ತಾಳೆ. ಆ ಮಗ್ಗದಲ್ಲಿ ಯಾರು ಕೂತು ನೇಯುತ್ತಾರೋ ಅವರು ಸ್ನಾನ ಮಾಡಿ ಬಂದು, ಮಗ್ಗಕ್ಕೆ ಅರಿಸಿನ ಕುಂಕುಮ ಹಚ್ಚಿ, ಆ ಅಂಚನ್ನು ತಮ್ಮ ಕೈಯಾರೆ ಕಟ್ಟಿಕೊಳ್ಳಬೇಕು. ಕಟ್ಟಿದ ಮೇಲೆ ಸೀರೆ ಮುಗಿಯುವ ತನಕ ಆ ಮಗ್ಗ ಅವರ ಕೊರಳಿಗೆ ಬಿದ್ದ ಹಾಗೆ. ಕೂರುವವರಿಲ್ಲದ ಮಗ್ಗದ ಅಂಚನ್ನು ಯಾರೂ ಕಟ್ಟುವ ಹಾಗಿಲ್ಲ. ಕಟ್ಟಿದರೆ ಮಗ್ಗಕ್ಕೆ ಸುಳ್ಳು ಹೇಳಿದಂತೆ ಎಂದು ಅತ್ತೆ ಹೇಳಿದ್ದರು, ಸೊಸೆ ನಂಬಿದ್ದಾರೆ.

ಸಮಿತಿಯ ಕಾರುಗಳು ಊರೊಳಗೆ ಬಂದವೆಂದು ಫೋನು ಬರುವ ಹೊತ್ತಿಗೆ ಬುಚ್ಚಮ್ಮನ ಕೆಲಸ ಮುಗಿದಿದೆ. ಇಷ್ಟು ದಿನ ಹೊರಗಿನ ಓಡಾಟದಲ್ಲೇ ಇದ್ದ ಆಚಾರ್ರು ಈಗ ಮಗ್ಗದಿಂದ ಮಗ್ಗಕ್ಕೆ ನೋಡುತ್ತಾ ಬಂದವರು ಮೊದಲನೆಯದರ ಬಳಿಯೇ ನಿಂತುಬಿಡುತ್ತಾರೆ. ಅಂಚಿನ ಎಳೆಗಳು ಎಣ್ಣೆ ಕಾಣದ ಕೂದಲಿನಂತೆ ಜೋತಾಡುತ್ತಿವೆ. ಎರಡನೆಯದರಲ್ಲೂ ಅದೇ. ನಾಲ್ಕರಲ್ಲೂ ಅದೇ.

"ಇದೇನ್ರಿ? ಇದನ್ಯಾಕ ಬಿಟ್ಟೀರಿ?"

"ಕೂಡೋರು ಕಟ್ಕೋಬೇಕಲ್ರಿ."

"ಕೂಡೋರು ಅದಾರಲ್ಲ, ಹೊರಗ ಚಾ ಕುಡಿಯಾಕ ಹತ್ಯಾರ!"

"ಅವ್ರು ತಾಸೊತ್ತಿನ ಮಂದಿರಿ ಆಚಾರ್ರ. ನೇಯಾಕ ಕೂಡೋರಲ್ಲ."

ಗದರುವ ದನಿಯಲ್ಲಿ ಶುರುವಾದ ಆಚಾರ್ರ ಮಾತು ಬೇಡುವ ದನಿಗೆ ಇಳಿಯುತ್ತದೆ. "ಕೈ ಮುಗಿತೀನಿ, ಕಟ್ಟಿಬಿಡ್ರಿ. ಮಗ್ಗ ಓಡೂದಿಲ್ಲಂತ ಗೊತ್ತಾದ್ರ ಸಂಜಿಗೇ ಬೀಗ ಬೀಳ್ತೈತಿ. ನಿಮ್ಮ ಯಜಮಾನ್ರ ಮಗ್ಗಾನೂ ಬೀದಿಗೆ ಬರ್ತೈತಿ. ಅದು ಬೇಕೇನು ನಿಮಗ?"

ಬುಚ್ಚಮ್ಮ ಗಂಡನ ಕಡೆ ನೋಡುತ್ತಾರೆ. ಶಂಕರಯ್ಯ ಲಾಳಿ ನಿಲ್ಲಿಸಿದ್ದಾರೆ. ಒಂದು ಹಿಡಿ ಎಳೆ. ಅವರ ಬೆರಳಿಗೆ ಎಷ್ಟರ ಕೆಲಸ? ಕೈ ಮುಂದೆ ಹೋಗುತ್ತದೆ, ಎಳೆ ಮುಟ್ಟುತ್ತದೆ, ಹಿಂದಕ್ಕೆ ಬರುತ್ತದೆ. ಅಷ್ಟರಲ್ಲಿ ಹೊರಗೆ ಕಾರುಗಳ ಹಾರ್ನು. ಆಚಾರ್ರು ಪ್ರದರ್ಶನಕ್ಕಿಟ್ಟ ಸೀರೆಗಳನ್ನು ಬಾಚಿಕೊಂಡು ಒಂದೊಂದನ್ನು ಒಂದೊಂದು ಮಗ್ಗದ ಅಂಚಿನ ಮೇಲೆ ಹೊದಿಸುತ್ತಾರೆ. ಹುಡುಗರು ಓಡಿ ಬಂದು ಮಗ್ಗಕ್ಕೆ ಕೂರುತ್ತಾರೆ.

ಗಡಿಯೂರಿನ ಮನೆಮಾತು ಕನ್ನಡವಾದರೂ ಸರಕಾರದ ಭಾಷೆ ತೆಲುಗು, ಸವಾಲು-ಜವಾಬು ಅದರಲ್ಲೇ ಶುರುವಾಗುತ್ತದೆ. ಅಧ್ಯಕ್ಷ ರಾಮುಲು ಹಳೆಯ ರಾಜಕಾರಣಿ, ಮೆಲ್ಲಗೆ ಮಾತಾಡುತ್ತಲೇ ಕುತ್ತಿಗೆಗೆ ಬರುವವರು. ಪಕ್ಕದಲ್ಲಿ ಸದಸ್ಯೆ ಪ್ರಶಾಂತಿ. ಎದುರಿಗೆ ಹೈದರಾಬಾದಿನಿಂದ ಬಂದ ಹಿರಿಯ ಅಧಿಕಾರಿ, ಅವರ ಹಿಂದೆ ಆಚಾರ್ರು. ಶಾಲೆ ಮಕ್ಕಳ ಸಮವಸ್ತ್ರದ ಬಟ್ಟೆ ಕೈಮಗ್ಗದವರಿಗೆ ಎಂದಿರಲ್ಲ, ಪವರ್‌ಲೂಮಿಗೆ ಹೇಗೆ ಹೋಯಿತು? ಪರಿಶೀಲನೆಯಲ್ಲಿದೆ. ರಿಯಾಯಿತಿಯ ನೂಲು ಯಾಕೆ ಹೊತ್ತಿಗೆ ಬರುವುದಿಲ್ಲ? ಅದೂ ಪರಿಶೀಲನೆಯಲ್ಲಿದೆ. ಹಿರಿಯ ಅಧಿಕಾರಿಯ ಬಾಯಲ್ಲಿ ಪರಿಶೀಲನೆ ಎಲೆ ಅಡಿಕೆಯ ಹಾಗೆ ಸುಳಿದಾಡುತ್ತದೆ.

"ಈ ಶೆಡ್ಡಿನಲ್ಲಿ?" ಎಂದು ರಾಮುಲು ಕೇಳುತ್ತಾರೆ.

"ಇಲ್ಲಿ ಯಾವ ತೊಂದರೆಯೂ ಇಲ್ಲ. ಐದೂ ಮಗ್ಗ ಓಡುತ್ತಿವೆ, ತಾವೇ ನೋಡಬಹುದು," ಎಂದು ಹಿರಿಯ ಅಧಿಕಾರಿ ಕೈ ಬೀಸುತ್ತಾರೆ. ಆಚಾರ್ರು ತಲೆ ತಗ್ಗಿಸುತ್ತಾರೆ.

ಪ್ರಶಾಂತಿ ಎದ್ದು ಬರುತ್ತಾರೆ. ಅವರ ತಾಯಿಯ ತವರು ಗದ್ವಾಲದ ನೇಕಾರರ ಮನೆ ಎನ್ನುವುದು ಆಚಾರ್ರಿಗೆ ಗೊತ್ತಿರಲಿಲ್ಲ. ಮೂರನೆಯ ಮಗ್ಗದ ಮುಂದೆ ನಿಂತು ಹೊದಿಸಿದ ಸೀರೆಯನ್ನು ಮೆಚ್ಚಿ ಕೈಗೆತ್ತಿಕೊಳ್ಳುತ್ತಾರೆ. ಕೆಳಗೆ ಅಂಚಿನ ಎಳೆಗಳು ಜೋತುಬೀಳುತ್ತವೆ. ಲಾಳಿ ಎಳೆಯುತ್ತಿದ್ದ ಹುಡುಗನ ಕೈ ನಿಲ್ಲುತ್ತದೆ.

"ಈ ಹಾಸು ಕೆಚ್ಚಿದೋರು ಯಾರು?" ಪ್ರಶಾಂತಿಯವರ ಮಾತು ಕನ್ನಡಕ್ಕೆ ಹೊರಳಿದೆ.

"ನಾನ್ರಿ ಅವ್ವಾರ."

"ಅಂಚು ಬಿಟ್ಟೀರಿ. ಯಾರು ಕೂಡೋರು ಇದಕ್ಕ?"

ಅತ್ತ ದರಿ, ಇತ್ತ ಪುಲಿ. ಹೌದೆಂದರೆ ಆಚಾರ್ರು ಉಳಿಯುತ್ತಾರೆ, ಶೆಡ್ಡೂ ಉಳಿಯಬಹುದು. ಇಲ್ಲವೆಂದರೆ ಸಂಜೆಗೆ ಬೀಗ. ಬುಚ್ಚಮ್ಮ ಸೆರಗಿಗೆ ಬೆರಳು ಒರೆಸುತ್ತಾರೆ, ಬೂದಿ ಹೋಗುವುದಿಲ್ಲ.

"ಯಾರೂ ಇಲ್ರಿ," ಎನ್ನುತ್ತಾರೆ ಕಡೆಗೆ. "ಇದು ನನ್ನ ಮಗ ಸಾಯಿನಾಥಂದು. ಭಿವಂಡ್ಯಾಗ ಪವರ್‌ಲೂಮ್ ನೋಡ್ಕೊಂತಾನ. ಅದರ ಆಚೀದು ಮಾಗನೂರು ಕಡೀ ಹುಡುಗಂದು, ಅವ ಪುಣಾದಾಗ ಕಟ್ಟಡದ ಕೆಲಸಕ್ಕ ಹೋದ. ಉಳಿದೆರಡರ ಮಂದೀನೂ ಹಂಗ, ನೂಲು ಬರ್ಲಿಲ್ರಿ, ಹೋದ್ರು. ಓಡೋದು ಒಂದ ಮಗ್ಗ. ಮಂದಿ ಬಂದ್ರ ಐದೂ ಓಡ್ತಾವ, ಅದು ಖರೇ. ಮಗ್ಗ ಕೆಟ್ಟಿಲ್ರಿ ಅವ್ವಾರ, ಹಳೀ ಎಳಿ ಹಂಗ ಕಾಯ್ಕೊಂಡು ಕುಂತಿದ್ವು."

ರಾಮುಲು ಹಿರಿಯ ಅಧಿಕಾರಿಯ ಕಡೆ ತಿರುಗುತ್ತಾರೆ, ಹಿರಿಯ ಅಧಿಕಾರಿ ಆಚಾರ್ರ ಕಡೆ. ಆಚಾರ್ರ ಹಿಂದೆ ಗೋಡೆ. ಸುಳ್ಳು ಯಾಕೆ ಹೇಳಿದಿರಿ ಎಂಬ ಪ್ರಶ್ನೆಗೆ ಅವರು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ. ನೂಲಿಗಾಗಿ ಮತ್ತೆ ಮತ್ತೆ ಕೇಳಿದೆ, ಮೇಲಿನಿಂದ ಜವಾಬು ಬರಲಿಲ್ಲ. ಬಂದದ್ದು ಮುಚ್ಚುವ ಮಾತೊಂದೇ. ಮುಚ್ಚಲು ಮನಸ್ಸು ಬರಲಿಲ್ಲ.

ಆಗ ಶುರುವಾಗುತ್ತದೆ ನಿಜವಾದ ವಿಚಾರಣೆ. "ಅವರು ಕೇಳಿದ್ದು ನಿಮಗೆ ತಲುಪಿತ್ತೋ ಇಲ್ಲವೋ?" ಎಂದು ಪ್ರಶಾಂತಿ ಹಿರಿಯ ಅಧಿಕಾರಿಯನ್ನು ಕೇಳುತ್ತಾರೆ. ತಲುಪಿತ್ತು. "ನೂಲು ಕೊಡದೆ ಮಗ್ಗ ನಿಲ್ಲಿಸಿದವರು ನೀವು, ನಿಂತಿದೆ ಎಂದು ಮುಚ್ಚುವವರೂ ನೀವೇ. ಇದು ಯಾವ ನೀತಿ?" ಪರಿಶೀಲನೆಯೂ ಈಗ ಕೈಕೊಡುತ್ತದೆ. ಬಿಸಿತುಪ್ಪ ನುಂಗಲೂ ಆಗದೆ ಉಗುಳಲೂ ಆಗದೆ ಹಿರಿಯ ಅಧಿಕಾರಿ ಕರವಸ್ತ್ರ ಹುಡುಕುತ್ತಾರೆ. ಆದರೆ ಅವರೂ ಪಳಗಿದವರು. ನೂಲು ಕೊಡುತ್ತೇವೆ, ಆದರೆ ನೇಯುವವರು ಎಲ್ಲಿ ಎಂದು ತಿರುಗಿ ಕೇಳುತ್ತಾರೆ. ವಾದ ಬೆಳೆದು ಕಡೆಗೆ ರಾಮುಲು ಒಂದು ಮಾತಿಗೆ ತಂದು ನಿಲ್ಲಿಸುತ್ತಾರೆ: ನೂಲು ಈ ವಾರವೇ ಬರಬೇಕು. ದಸರೆಯೊಳಗೆ ಇನ್ನೊಂದು ಮಗ್ಗಕ್ಕಾದರೂ ನಿಜವಾದ ನೇಕಾರರು ಕೂತರೆ ಶೆಡ್ಡು ಉಳಿಯುತ್ತದೆ. ಇಲ್ಲದಿದ್ದರೆ ಬೀಗ.

ಕಾರುಗಳು ಹೋದ ಮೇಲೆ ಆಚಾರ್ರು ಖಾಲಿ ಕುರ್ಚಿಯೊಂದರಲ್ಲಿ ಕೂತುಬಿಡುತ್ತಾರೆ. "ನನ್ನ ಮಾನ ಕಳದ್ರಿ ಬುಚ್ಚಮ್ಮ."

"ತಪ್ಪಾತ್ರಿ ಆಚಾರ್ರ. ಕೈ ಕೇಳ್ಲಿಲ್ಲ." ಆಮೇಲೆ ಅವರೇ ಒಂದು ಲೋಟ ನೀರು ತಂದು ಕೊಡುತ್ತಾರೆ. ಆಚಾರ್ರು ಕುಡಿಯುತ್ತಾರೆ.

ನೂಲು ಬರುತ್ತದೆ. ಮಂದಿ ಬರುವುದಿಲ್ಲ. ಭಿವಂಡಿಗೆ ಫೋನು ಮಾಡಿದರೆ ಸಾಯಿನಾಥ, "ಇವತ್ತು ಕೊಡ್ತಾರವ್ವ, ನಾಳಿ ಗ್ಯಾರಂಟಿ ಏನೈತಿ?" ಎನ್ನುತ್ತಾನೆ. ಪುಣೆಯವನು ಫೋನೇ ಎತ್ತುವುದಿಲ್ಲ. ಶ್ರಾವಣ ಕಳೆಯುತ್ತದೆ, ಗಣಪತಿ ಬಂದು ಹೋಗುತ್ತಾನೆ. ಗದ್ವಾಲದ ಬಸ್ಸು ಹತ್ತುವ ದಿನವಿರಲಿ ಇಲ್ಲದಿರಲಿ, ಬುಚ್ಚಮ್ಮ ಬೆಳಿಗ್ಗೆ ಶೆಡ್ಡಿಗೆ ಬಂದು ನಾಲ್ಕೂ ಹಾಸುಗಳ ಧೂಳು ಕೊಡವುತ್ತಾರೆ, ಬಿಟ್ಟ ಅಂಚು ಸಿಕ್ಕಾಗದಂತೆ ಬೆರಳಲ್ಲಿ ಬಿಡಿಸಿ ಹೋಗುತ್ತಾರೆ. ಈಗೀಗ ಅವರಿಗೆ ನಿದ್ದೆ ಸರಿಯಾಗಿ ಬರುವುದಿಲ್ಲ. ಹೇಳಿ ತಪ್ಪು ಮಾಡಿದೆನೇ ಎಂಬ ಮಾತನ್ನು ಗಂಡನ ಮುಂದೆಯೂ ಆಡಲಾರರು.

ಆ ಮನೆಯಲ್ಲಿ ಇನ್ನೊಬ್ಬರಿದ್ದಾರೆ, ಸಾಯಿನಾಥನ ಹೆಂಡತಿ ಸರಿತಾ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಮಕ್ತಲ್‌ಗೆ ಹೋಗಿ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಪವರ್‌ಲೂಮಿನ ಸೀರೆಯನ್ನು ನಾರಾಯಣಪೇಟೆಯದೇ ಅಕ್ಕಾ ಎಂದು ಮಾರುವುದು ಅವಳ ಕೆಲಸ. ಗಂಡನ ಮಗ್ಗದ ಪಕ್ಕ ನೂಲಿನ ಉಂಡೆ ಸುತ್ತುತ್ತ ಕೂತದ್ದುಂಟೇ ಹೊರತು ಮಗ್ಗಕ್ಕೆ ಕೂತವಳಲ್ಲ. ಕೂರು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಬುಚ್ಚಮ್ಮನೂ ಹೇಳಿರಲಿಲ್ಲ.

ದಸರೆಗೆ ವಾರವಿರುವಾಗ ಒಂದು ಮುಂಜಾನೆ ಬುಚ್ಚಮ್ಮ ಶೆಡ್ಡಿಗೆ ಬಂದರೆ ಬಲ್ಬು ಆಗಲೇ ಉರಿಯುತ್ತಿದೆ. ಮೂರನೆಯ ಮಗ್ಗಕ್ಕೆ ಅರಿಸಿನ ಹಚ್ಚಿದೆ. ತಲೆಸ್ನಾನ ಮಾಡಿದ ಕೂದಲಿಗೆ ಟವೆಲ್ ಸುತ್ತಿಕೊಂಡೇ ಸರಿತಾ ಮಗ್ಗದ ಮೇಲೆ ಬಾಗಿ ಅಂಚಿನ ಕಡೆಯ ಎಳೆಗಳನ್ನು ಕಟ್ಟುತ್ತಿದ್ದಾಳೆ. ಹೊಸೆಯಲು ಬಾರದು, ಒಂದೊಂದಕ್ಕೂ ಗಂಟು ಹಾಕುತ್ತಿದ್ದಾಳೆ.

"ಬಸ್ಸು ಹೋತಲ್ಲವ್ವಾ," ಎನ್ನುತ್ತಾರೆ ಬುಚ್ಚಮ್ಮ.

"ಹೋಗ್ಲಿ ಬಿಡ್ರಿ ಅತ್ತಿ," ಎನ್ನುತ್ತಾಳೆ ಸರಿತಾ, ತಲೆ ಎತ್ತದೆ.

ಮಾವ ಶಂಕರಯ್ಯ ಪಕ್ಕದಲ್ಲೇ ನಿಂತು ಕಲಿಸಿದರು, ಈಗ ಶೆಡ್ಡಿನಲ್ಲಿ ಎರಡು ಲಾಳಿಗಳ ಸದ್ದು. ಬೀಗ ಹಿಡಿದು ಯಾರೂ ಬಂದಿಲ್ಲ. ಮೂರು ಮಗ್ಗಗಳ ಅಂಚು ಇನ್ನೂ ಜೋತಾಡುತ್ತಲೇ ಇದೆ. ಕಣ್ಣು ಮಂಜಾಗುವ ಮೊದಲು ಅವೂ ಕಟ್ಟಿಸಿಕೊಂಡರೆ ಸಾಕು ಎಂಬುದಷ್ಟೇ ಬುಚ್ಚಮ್ಮನ ಆಸೆ. ಸರಿತಾಳ ಮೊದಲ ಸೀರೆಯ ಬಲ ಅಂಚು ಒಂದು ಗೇಣಿನಷ್ಟು ಉಬ್ಬುತಗ್ಗಾಗಿದೆ, ದಪ್ಪ ಗಂಟುಗಳು ಮಾಡಿದ ಕೆಲಸ. ಬಿಚ್ಚಿ ಸರಿಮಾಡಿಕೊಡಬಾರದಿತ್ತೇ ಎಂದು ಕೇಳಿದರೆ ಬುಚ್ಚಮ್ಮ ಬೂದಿ ಬಟ್ಟಲನ್ನು ಪಕ್ಕಕ್ಕೆ ಸರಿಸುತ್ತಾರೆ.

"ನಾ ಯಾಕ ಬಿಚ್ಲಿ? ಗಂಟು ದಪ್ಪಾದ್ರ ಆಗ್ಲಿ. ಕೂಡಾಕಿ ಕಟ್ಯಾಳ."