ಅಪ್ಪ ಬೇಡವೆಂದ ಶಾಲು

ಹೋದ ವರ್ಷ ಗಡಿಯಲ್ಲಿ ಗುಂಡಿನ ಚಕಮಕಿ ಜೋರಾಗಿದ್ದ ವಾರ. ಟಿವಿ ಹಾಕಿದರೆ ಅಪ್ಪ ಎದ್ದು ಹಿತ್ತಲಿಗೆ ಹೋಗುತ್ತಿದ್ದ, ಆರಿಸಿದರೆ ಬಂದು ತಾನೇ ಹಾಕುತ್ತಿದ್ದ. ಎಪ್ಪತ್ತು ದಾಟಿದ ಅಪ್ಪ ಹರೆಯದಲ್ಲಿ ಸೈನಿಕನಾಗಿದ್ದವನು, ಒಂದು ಯುದ್ಧ ಕಂಡವನು. ಅಲ್ಲಿ ಏನಾಯಿತೆಂದು ಮಗಳಾದ ನನಗೂ ಹೇಳಿದವನಲ್ಲ.

ಆ ಭಾನುವಾರ ನಂಜನಗೂಡಿನ ನಮ್ಮ ಚರ್ಚಿನಲ್ಲಿ ಆರಾಧನೆ ಮುಗಿಯುವ ಹೊತ್ತಿಗೆ ಪಾದ್ರಿಯವರು ಅಪ್ಪನನ್ನು ಮುಂದಕ್ಕೆ ಕರೆದರು. ಹಳೆಯ ಸೈನಿಕನೆಂದು ಶಾಲು ಹೊದಿಸಿ ಸನ್ಮಾನಿಸಬೇಕೆಂದು ಸಭೆಯ ಹಿರಿಯರು ಮೊದಲೇ ಮಾತಾಡಿಕೊಂಡಿದ್ದರಂತೆ. ಅಪ್ಪ ಹೋಗಿ, ಶಾಲು ಹಿಡಿದ ಪಾದ್ರಿಯವರ ಕೈಯನ್ನು ಮೆಲ್ಲಗೆ ತಡೆದ.

"ಬ್ಯಾಡಿ ಅಯ್ಯನೋರೇ. ನಾನು ಒಬ್ಬನ್ನ ಕೊಂದಿದ್ದೀನಿ. ನನ್ನಷ್ಟೇ ವಯಸ್ಸು ಅವನಿಗೂ. ಶತ್ರುನೂ ಪ್ರೀತಿಸಬೇಕು ಅಂತ ಕಲ್ತ ಜಾಗದಲ್ಲಿ ಅದಕ್ಕೆ ಶಾಲು ಒದ್ಕೊಳಕ್ಕೆ ನನ್ ಕೈಲಾಗಲ್ಲ. ಆದ್ರೆ ಅವನಿಗೋಸ್ಕರ ಒಂದು ಪ್ರಾರ್ಥನೆ ಮಾಡಿ."

ಪಾದ್ರಿಯವರು ಶಾಲನ್ನು ಮಡಿಸಿ ಹಿರಿಯರತ್ತ ನೋಡಿದರು. ಅಷ್ಟರಲ್ಲಿ ಹೆಂಗಸರ ಸಾಲಿನಿಂದ ಒಬ್ಬಳು ಎದ್ದಳು. ನರಸೀಪುರದ ಕಡೆಯ ಹೆಮ್ಮಿಗೆಯವಳು, ತಂಗಿಯ ಮನೆಗೆಂದು ಬಂದಿದ್ದಳು.

"ನನ್ ಮಗ ಇವತ್ತು ಗನ್ ಹಿಡ್ಕಂಡು ಅಲ್ಲೇ ನಿಂತವ್ನೆ. ಅವನು ಪಾಪಿನಾ ಯಜಮಾನ್ರೇ? ನಾನು ಯಾರಿಗೆ ಅಂತ ಪ್ರಾರ್ಥನೆ ಮಾಡ್ಲಿ?"

ಉತ್ತರಕ್ಕೂ ಕಾಯದೆ ಹೊರಟುಹೋದಳು.

ಅಪ್ಪ ಆ ದಿನ ಸರಿಯಾಗಿ ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ, "ಬಾ, ಹೆಮ್ಮಿಗೆಗೆ ಓಗಿ ಬರಾನ" ಅಂದ. ನಾನು ಪಾಠ ಮಾಡುವ ಶಾಲೆಗೆ ರಜೆ ಹಾಕಿದೆ. ನರಸೀಪುರದ ಬಸ್ಸಿನಲ್ಲಿ ಉದ್ದಕ್ಕೂ ಅಪ್ಪನದು ಕಿಟಕಿ ತೆರೆಯುವುದು, ಮುಚ್ಚುವುದೇ ಆಯಿತು.

"ಅಷ್ಟು ಜನರ ಮುಂದೆ ಹೇಳಬೇಕಿತ್ತಾ ಅಪ್ಪಾ?"

"ಅವ್ರಿಗೆ ನನ್ನ ಒಗಳಕ್ಕೆ ಅಷ್ಟು ಜನ ಬೇಕಿತ್ತಲ್ಲ."

ತಂಗಿಯಿಂದ ಮನೆಯ ಗುರುತು ಕೇಳಿಕೊಂಡು ಹೋಗಿದ್ದೆವು; ಹಿಂದಿನ ಸಂಜೆಯೇ ಊರಿಗೆ ಮರಳಿದ್ದ ಆಕೆ ಬಾಗಿಲಲ್ಲೇ ನಮ್ಮನ್ನು ಗುರುತಿಸಿದಳು. ಕುರ್ಚಿ ಹಾಕಿದಳು.

"ನಿನ್ ಮಗ ಪಾಪಿ ಅಂತ ನಾನು ಏಳಲಿಲ್ಲ ಕಣವ್ವಾ," ಅಪ್ಪನೇ ಶುರುಮಾಡಿದ. "ಅವತ್ತು ನಾನು ಗುಂಡು ಒಡೀದಿದ್ರೆ ನನ್ ಪಕ್ಕದಲ್ಲಿದ್ದವನು ಸಾಯ್ತಿದ್ದ. ಅದೂ ನಿಜ. ಆದ್ರೂ ದೇವರ ಮುಂದೆ ನಿಂತಾಗ ಸರಿ ಮಾಡ್ದೆ ಅನ್ನಕ್ಕೆ ಬಾಯಿ ಬರಲ್ಲ. ಎಲ್ಡೂ ಒಟ್ಟಿಗೆ ಎಂಗೆ ನಿಜ ಆಯ್ತದೆ ಅಂತ ಇಷ್ಟು ವರ್ಷ ಆದ್ರೂ ನಂಗೆ ತಿಳೀಲಿಲ್ಲ."

"ಅಂಗಾದ್ರೆ ನನ್ ಮಗನಿಗೆ ಏನೇಳ್ಲಿ?"

ಅವಳ ಮಗ ಸಾಮಾನ್ಯವಾಗಿ ಆ ಹೊತ್ತಿಗೇ ಫೋನ್ ಮಾಡುತ್ತಿದ್ದನಂತೆ. ಮೂವರೂ ಕಾದೆವು. ಕೊನೆಗೆ ಫೋನ್ ಬಂದಾಗ ಆಕೆ, "ಇಲ್ಲೊಬ್ರು ಮಿಲ್ಟ್ರೀಲಿದ್ದೋರು ಬಂದವ್ರೆ, ಮಾತಾಡು" ಎಂದು ಅಪ್ಪನ ಕೈಗೆ ಕೊಟ್ಟುಬಿಟ್ಟಳು.

"ಉಂಡ್ಯಾ ಮಗಾ?" ಅಂದ ಅಪ್ಪ. "ಕಾಲ್ಚೀಲ ಒದ್ದೆ ಇಟ್ಕಬ್ಯಾಡ. ಪುರುಸೊತ್ತು ಸಿಕ್ದಾಗ ಮಲಿಕ್ಕೊ. ಉಸಾರು."

ಅಷ್ಟೇ. ಫೋನನ್ನು ಆಕೆಗೆ ವಾಪಸ್ ಕೊಟ್ಟ.

ವಾಪಸ್ ಬರುವಾಗ ನನಗೆ ಸಿಟ್ಟೇ ಬಂತು. "ಚರ್ಚಿನಲ್ಲಿ ಹೇಳಿದ್ದನ್ನ ಅವನಿಗೆ ಯಾಕೆ ಹೇಳಲಿಲ್ಲ?"

"ನನ್ ಮಾತು ಕೇಳಿ ಅವನ ಕೈ ಒಂದು ಗಳಿಗೆ ತಡೆದ್ರೆ? ಅವನು ಸತ್ರೆ?" ಸ್ವಲ್ಪ ದೂರ ಹೋದ ಮೇಲೆ ತಾನೇ ಅಂದ: "ತಡೀದೆ ಒಡುದ್ರೆ ಅವನೂ ನನ್ನಂಗೇ ಆಯ್ತಾನೆ."

ಕೆಲವು ವಾರಗಳಲ್ಲಿ ಗಡಿ ತಣ್ಣಗಾಯಿತು. ಆ ಹುಡುಗ ರಜೆಯಲ್ಲಿ ಬಂದವನು ನಮ್ಮ ಮನೆ ಹುಡುಕಿಕೊಂಡು ಬಂದ. ಅವನೂ ಅಪ್ಪನೂ ಒಂದು ಬೆಳಗು ಪೂರ್ತಿ ಜಗಲಿಯ ಮೇಲೆ ಕೂತಿದ್ದರು. ನಾನು ಕಾಫಿ ತಂದಾಗ ಮಾತು ನಿಲ್ಲಿಸಿದರು. ಹೊರಡುವಾಗ ಅವನು ಗೇಟಿನ ಹತ್ತಿರ ನನಗೆ ಹೇಳಿದ:

"ನಾನು ಇನ್ನೂ ಯಾರ ಮೇಲೂ ಗುಂಡು ಆರಿಸಿಲ್ಲ ಅಕ್ಕಾ. ಅಂಗೇ ಇರ್ಲಿ ಅಂತ ಪ್ರಾರ್ಥನೆ ಮಾಡಿ."

ದಿನವೂ ಮಾಡುತ್ತೇನೆ. ಹಾರಿಸಲೇಬೇಕಾಗಿ ಬಂದರೆ, ಎಂಬಲ್ಲಿಗೆ ಬಂದಾಗ ಮಾತು ಮುಂದೆ ಹೋಗುವುದಿಲ್ಲ. ಆಮೆನ್ ಅನ್ನದೆಯೇ ಎದ್ದುಬಿಡುತ್ತೇನೆ.